ಪಿಎಫ್ ನುಂಗಿದ ಕಂಪೆನಿಗೇ ಮತ್ತೆ ಟೆಂಡರ್ ಸಿಗಬಹುದಾ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬರು ಕೇಳಿದ್ದಾರೆ: "ಅಣ್ಣಾ, ನನ್ನ ಅಮ್ಮ ಸರಕಾರಿ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಾರೆ. ಕಂಟ್ರಾಕ್ಟ್ ಕಂಪೆನಿ ಎರಡು ವರ್ಷ ಸಂಬಳದಿಂದ ಪಿಎಫ್ ಹಿಡಿಯಿತು, ಆದರೆ ಕಟ್ಟಿಲ್ಲ. ಈಗ ಮುಂದಿನ ಟೆಂಡರ್‌ಗೂ ಅದೇ ಕಂಪೆನಿ ಬರುತ್ತದಂತೆ. ಕಾನೂನು ಮುರಿದವರನ್ನು ಸರಕಾರವೇ ದೂರ ಇಡಬೇಕಲ್ವಾ?"

ಇಡಬೇಕು. ಆದರೆ ತಾನಾಗಿಯೇ ಇಡುವುದಿಲ್ಲ. ಟೆಂಡರ್ ತೆರೆಯುವವರು ನೋಡುವುದು ಕಾಗದ ಮಾತ್ರ, ಮತ್ತು ಆ ಕಾಗದಗಳನ್ನು ತಂದುಕೊಡುವವರು ಕಂಪೆನಿಯವರೇ. ನಿಮ್ಮ ಅಮ್ಮನಿಗೆ ಆದ ಮೋಸ ವಾರ್ಡಿನ ಎಲ್ಲರಿಗೂ ಗೊತ್ತಿರಬಹುದು. ಫೈಲಿನಲ್ಲಿ ಅದರ ಒಂದು ಸಾಲೂ ಇಲ್ಲ.

ಇನ್ನೊಂದು ಕಷ್ಟ ಇದೆ. ಕಂಪೆನಿಯನ್ನು ಬ್ಲ್ಯಾಕ್ ಲಿಸ್ಟ್ ಮಾಡಬೇಕಾದರೆ, ಅಂದರೆ ಮುಂದಿನ ಟೆಂಡರ್‌ಗಳಿಂದ ಹೊರಗಿಡಬೇಕಾದರೆ, ಅದಕ್ಕೆ ಮೊದಲು ನೋಟಿಸ್ ಕೊಡಬೇಕು, ಅದು ಹೇಳುವುದನ್ನು ಕೇಳಬೇಕು. ಸುಪ್ರೀಂ ಕೋರ್ಟ್ 1975ರಲ್ಲೇ ಹೀಗೆ ಹೇಳಿದೆ. 2014ರಲ್ಲಿ ದೆಹಲಿಯ ಗೋರ್ಖಾ ಸೆಕ್ಯುರಿಟಿ ಸರ್ವಿಸಸ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: "ನಿಮ್ಮನ್ನು ಬ್ಲ್ಯಾಕ್ ಲಿಸ್ಟ್ ಮಾಡುವ ಯೋಚನೆ ಇದೆ" ಎಂಬುದು ಆ ನೋಟಿಸಿನಲ್ಲೇ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಆದೇಶ ಬಿದ್ದುಹೋಗುತ್ತದೆ. ಅಧಿಕಾರಿ ಅರ್ಧ ಮನಸ್ಸಿನಿಂದ ಒಂದು ನೋಟಿಸ್ ಬರೆದರೆ ಸಾಕು, ಕಂಪೆನಿ ಕೋರ್ಟಿಗೆ ಹೋಗಿ ಗೆದ್ದು ಬರುತ್ತದೆ. ಬೇಕೆಂದೇ ಹಾಗೆ ಬರೆಯುವವರೂ ಇರಬಹುದು ಅಂತ ನನಗೆ ಕೆಲವೊಮ್ಮೆ ಅನಿಸುವುದುಂಟು.

ಮನಸ್ಸು ಮಾಡಿದರೆ ಆಗುವುದಿಲ್ಲ ಅಂತೇನಿಲ್ಲ. 2025ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡದ ರಕ್ಷಣಾ ಕಾಮಗಾರಿ ಕುಸಿಯಿತು. ಹೆದ್ದಾರಿ ಪ್ರಾಧಿಕಾರ ಆ ಗುತ್ತಿಗೆ ಕಂಪೆನಿಯನ್ನು ತಕ್ಷಣ ಮುಂದಿನ ಟೆಂಡರ್‌ಗಳಿಂದ ಹೊರಗಿಟ್ಟಿತು. ಒಂದು ವರ್ಷ ಯಾಕೆ ನಿಷೇಧಿಸಬಾರದು, 9 ಕೋಟಿ ರೂಪಾಯಿವರೆಗೆ ದಂಡ ಯಾಕೆ ಹಾಕಬಾರದು ಎಂದು ನೋಟಿಸ್ ಕೊಟ್ಟಿತು. ಗುಡ್ಡ ಜಾರಿದರೆ ಟಿವಿಯವರು ಬರುತ್ತಾರೆ. ಪಿಎಫ್ ಜಾರಿದರೆ ಯಾರೂ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೇಂದ್ರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 151ನೇ ನಿಯಮ ಇದೆ. ಭ್ರಷ್ಟಾಚಾರ ತಡೆ ಕಾನೂನಿನಲ್ಲಿ ಶಿಕ್ಷೆಯಾದವರನ್ನು, ಅಥವಾ ಗುತ್ತಿಗೆ ಕೆಲಸದಲ್ಲಿ ಜೀವಹಾನಿಗೋ ಜನರ ಆರೋಗ್ಯದ ಅಪಾಯಕ್ಕೋ ಕಾರಣರಾಗಿ ಶಿಕ್ಷೆಯಾದವರನ್ನು 3 ವರ್ಷದವರೆಗೆ ಹೊರಗಿಡಬಹುದು. ಆ ಕಂಪೆನಿಯ ಉತ್ತರಾಧಿಕಾರಿಗೂ ಇದು ಅನ್ವಯ. ಹಾಗಾಗಿ ಬೋರ್ಡ್ ಬದಲಿಸಿ ಹೆಂಡತಿ ಹೆಸರಲ್ಲಿ ಹೊಸ ಕಂಪೆನಿ ತೆರೆಯುವ ಹಳೇ ಆಟ ಕಾಗದದ ಮಟ್ಟಿಗಾದರೂ ನಡೆಯಬಾರದು. ರಾಜ್ಯದ ಆಸ್ಪತ್ರೆಗೆ ಈ ನಿಯಮ ನೇರವಾಗಿ ಬರುವುದಿಲ್ಲ, ಅಲ್ಲಿ ಟೆಂಡರ್ ದಾಖಲೆಯ ಷರತ್ತುಗಳನ್ನೇ ಓದಬೇಕು. ಕೇರಳ ಸರಕಾರದ ಇ-ಟೆಂಡರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಪಿಎಫ್, ಇಎಸ್ಐ ನೋಂದಣಿ ಕೇಳಿದ್ದಾರಾ, ಹಿಂದೆ ನಿಷೇಧ ಆಗಿಲ್ಲ ಎಂಬ ಅಫಿಡವಿಟ್ ಕೇಳಿದ್ದಾರಾ ನೋಡಿ. ಅಫಿಡವಿಟ್‌ನಲ್ಲಿ ಸುಳ್ಳು ಬರೆದಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಈಗ ಮುಖ್ಯ ವಿಷಯ. ನಾನೊಮ್ಮೆ ಇಂಥದ್ದೇ ದೂರು ಹಿಡಿದುಕೊಂಡು ಒಂದು ಕಚೇರಿಗೆ ಹೋಗಿದ್ದೆ. "ಅದು ನಿಮ್ಮ ಮತ್ತು ಕಂಟ್ರಾಕ್ಟರ್ ನಡುವಿನ ವಿಷಯ, ನಮಗೆ ಸಂಬಂಧ ಇಲ್ಲ" ಎಂದರು. ಸುಮ್ನೆ ಬಂದುಬಿಟ್ಟೆ. ಆಮೇಲೆ ಗೊತ್ತಾಯಿತು, ಆ ಮಾತೇ ತಪ್ಪು. 1970ರ ಗುತ್ತಿಗೆ ಕಾರ್ಮಿಕರ ಕಾನೂನಿನ ಪ್ರಕಾರ ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕಿತ್ತು, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೇ ಇದೆ, ಆದರೆ ಕಾನೂನು ಅನ್ವಯವಾಗಲು ಮೊದಲು 20 ಗುತ್ತಿಗೆ ಕೆಲಸಗಾರರಿದ್ದರೆ ಸಾಕಿತ್ತು, ಈಗ 50 ಬೇಕು. ಪಿಎಫ್ ವಿಷಯದಲ್ಲೂ ಕೆಲಸ ಮಾಡಿಸಿಕೊಂಡ ಸಂಸ್ಥೆಗೆ ಇಂಥದ್ದೇ ಹೊಣೆ ಇದೆ. ಇನ್ನು ಸಂಬಳದಿಂದ ಹಿಡಿದ ಪಿಎಫ್ ಕಟ್ಟದಿರುವುದು ಬರೀ ಬಾಕಿ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಅದನ್ನು ನಂಬಿಕೆದ್ರೋಹ ಎಂದೇ ನೋಡುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಅಮ್ಮನ ಪಿಎಫ್ ಪಾಸ್‌ಬುಕ್ ತೆಗೆಯಿರಿ, ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಇದ್ದರೆ ಮೊಬೈಲಲ್ಲೇ ಆಗುತ್ತದೆ. ಯಾವ ತಿಂಗಳು ಖಾಲಿ, ಸಂಬಳ ಚೀಟಿಯಲ್ಲಿ ಎಷ್ಟು ಹಿಡಿದಿದ್ದಾರೆ, ಎರಡನ್ನೂ ಜೊತೆಗಿಟ್ಟು ಪಿಎಫ್ ಕಚೇರಿಗೆ ದೂರು ಕೊಡಿ. ಅವರು ವಿಚಾರಣೆ ಮಾಡಿ ಇಷ್ಟು ಬಾಕಿ ಎಂದು ಆದೇಶ ಬರೆಯುತ್ತಾರೆ, 1952ರ ಪಿಎಫ್ ಕಾನೂನಿನ 7ಎ ಸೆಕ್ಷನ್‌ನಿಂದಾಗಿ ಅದಕ್ಕೆ 7ಎ ಆದೇಶ ಅನ್ನುತ್ತಾರೆ. ಸಮಯ ಹಿಡಿಯುತ್ತದೆ. ಆದರೆ ಟೆಂಡರ್ ಮೇಜಿನ ಮೇಲೆ ಅದಕ್ಕೆ ಇರುವಷ್ಟು ತೂಕ ಬೇರೆ ಕಾಗದಕ್ಕಿಲ್ಲ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆಸ್ಪತ್ರೆಯಿಂದ ಕೇಳಬೇಕಾದ್ದು ಕಂಪೆನಿ ಪ್ರತಿ ತಿಂಗಳು ಬಿಲ್ ಜೊತೆ ಕೊಟ್ಟ ಪಿಎಫ್ ಚಲನ್ (ಹಣ ಕಟ್ಟಿದ ರಸೀದಿ) ಮತ್ತು ಅದು ಯಾರ್ಯಾರದ್ದು ಎಂಬ ಹೆಸರು ಪಟ್ಟಿ. ಬರೀ ಚಲನ್ ಕೇಳಬೇಡಿ. ಒಂದೇ ಚಲನನ್ನು ಎರಡು ಕಡೆ ತೋರಿಸಿ ಬಿಲ್ ಪಾಸ್ ಮಾಡಿಸಿಕೊಳ್ಳಬಹುದು, ಪಟ್ಟಿ ನೋಡಿದರೆ ಮಾತ್ರ ಅಮ್ಮನ ಹೆಸರು ಇಲ್ಲ ಅಂತ ಗೊತ್ತಾಗುತ್ತದೆ. ಪಟ್ಟಿ ಕೊಡಲ್ಲ ಎಂದರೆ ಮೊದಲ ಮೇಲ್ಮನವಿ ಹಾಕಿ.

ಸಂಬಳದ ದೂರು ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ ಜಿಲ್ಲಾ ಲೇಬರ್ ಆಫೀಸರಿಗೆ. ಕನ್ನಡದಲ್ಲೇ ಬರೆಯಿರಿ. "ಮಲಯಾಳದಲ್ಲಿ ಬರೆದು ತನ್ನಿ" ಎಂದರೆ ಸಂವಿಧಾನದ 350ನೇ ವಿಧಿ ಹೇಳಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಅಲ್ಲಿದೆ. ಹಕ್ಕು ಹಕ್ಕೇ, ಆದರೂ ಜೊತೆಗೊಂದು ಮಲಯಾಳ ಪ್ರತಿ ಇಟ್ಟರೆ ಫೈಲು ಬೇಗ ಓಡುತ್ತದೆ, ಸುಳ್ಳು ಯಾಕೆ ಹೇಳಲಿ.

ಅಮ್ಮನ ಹೆಸರಲ್ಲಿ ಅರ್ಜಿ ಹಾಕಿದರೆ ಕೆಲಸ ಹೋದೀತು ಎಂಬ ಹೆದರಿಕೆ ನಿಮಗಿರಬಹುದು. ಮಾಹಿತಿ ಹಕ್ಕಿನ ಅರ್ಜಿಯನ್ನು ನಿಮ್ಮ ಹೆಸರಲ್ಲೇ ಹಾಕಿ, ಯಾಕೆ ಬೇಕು ಅಂತ ಕಾರಣವನ್ನೂ ಹೇಳಬೇಕಾಗಿಲ್ಲ. ಆಮೇಲೆ ದೂರಿನ ಒಂದು ಪ್ರತಿಯನ್ನು ಆಸ್ಪತ್ರೆಯ ಸುಪರಿಂಟೆಂಡೆಂಟರಿಗೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಟೆಂಡರ್ ತೆರೆಯುವ ತಾರೀಕು ಪೋರ್ಟಲ್‌ನಲ್ಲಿ ಇರುತ್ತದೆ, ಅದಕ್ಕಿಂತ ಮೊದಲೇ.