ಚಿತ್ರದ ಕುದುರೆ ನಿಜವೋ, ಸುಳ್ಳೋ?

1937ರ ಜುಲೈ 12. ಪ್ಯಾರಿಸ್‌ನಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಮೇಳದಲ್ಲಿ ಸ್ಪೇನ್ ದೇಶದ ಮಳಿಗೆ ತೆರೆಯಿತು. ಅದರೊಳಗೆ ಪಿಕಾಸೊ ಬರೆದ ‘ಗೆರ್ನಿಕಾ’ ಇತ್ತು. ಎತ್ತರ ಮೂರೂವರೆ ಮೀಟರ್, ಅಗಲ ಏಳೂಮುಕ್ಕಾಲು. ಕಣ್ಣಿಗೆ ಹಿತ ಅನಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬರೀ ಕಪ್ಪು, ಬಿಳಿ, ಬೂದು. ಬಾಯಿ ತೆರೆದು ಚೀರುವ ಕುದುರೆ, ಸತ್ತ ಮಗುವನ್ನು ಹಿಡಿದುಕೊಂಡ ತಾಯಿ. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಏಪ್ರಿಲ್ 26ರಂದು, ಜರ್ಮನಿ ಮತ್ತು ಇಟಲಿಯ ವಿಮಾನಗಳು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬು ಸುರಿದಿದ್ದವು. ಚಿತ್ರದಲ್ಲಿ ಮಾತ್ರ ವಿಮಾನವೂ ಇಲ್ಲ, ಬಾಂಬೂ ಇಲ್ಲ.

ಇದಾಗಿ ಆರು ದಿನಕ್ಕೆ ಮ್ಯೂನಿಕ್‌ನಲ್ಲಿ ಹಿಟ್ಲರ್ ಒಂದು ದೊಡ್ಡ ಕಲಾಪ್ರದರ್ಶನ ಉದ್ಘಾಟಿಸಿದ. ಕಟ್ಟುಮಸ್ತಾದ ದೇಹಗಳು, ತುಂಬಿದ ರೈತ ಸಂಸಾರಗಳು, ಅಚ್ಚುಕಟ್ಟಾದ ಹೊಲಗಳು. ಸರ್ಕಾರ ಮೊಹರು ಒತ್ತಿದ ಸೌಂದರ್ಯ ಅದು. ಮಾರನೇ ದಿನ ಅದೇ ಊರಿನಲ್ಲಿ ಇನ್ನೊಂದು ಪ್ರದರ್ಶನ ಶುರುವಾಯಿತು. ‘ಕೆಟ್ಟುಹೋದ ಕಲೆ’ ಅಂತ ಹಣೆಪಟ್ಟಿ ಅಂಟಿಸಿದ ಸುಮಾರು 650 ಕೃತಿಗಳನ್ನು ಜನ ನಗಲಿ ಅಂತಲೇ ಒತ್ತೊತ್ತಾಗಿ ನೇತುಹಾಕಿದ್ದರು. ಈ ಎರಡನೆಯದನ್ನು ನೋಡಲು ಬಂದವರು 20 ಲಕ್ಷಕ್ಕೂ ಜಾಸ್ತಿ. ಮೊದಲನೆಯದಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಅಬ್ರಹಾಂ ಬ್ರೇಡಿಯಸ್ ಎಂಬ 82 ವರ್ಷದ ಡಚ್ ಪಂಡಿತ ಲಂಡನ್ನಿನ ಕಲಾಪತ್ರಿಕೆಯೊಂದರಲ್ಲಿ ಹೊಸದಾಗಿ ಸಿಕ್ಕ ಚಿತ್ರದ ಬಗ್ಗೆ ಬರೆದ. 17ನೇ ಶತಮಾನದ ಮಹಾನ್ ಚಿತ್ರಕಾರ ಯೋಹಾನೆಸ್ ವರ್ಮೀರ್‌ನ ಕೃತಿ ಇದು, ಅದರಲ್ಲೂ ಅವನ ಅತ್ಯುತ್ತಮ ಕೃತಿ ಅಂತ ಹಾಡಿ ಹೊಗಳಿದ. ಆ ಚಿತ್ರದ ಕಥೆಗೆ ಆಮೇಲೆ ಬರೋಣ.

ಕಲೆ, ಸೌಂದರ್ಯ, ಸತ್ಯ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ನಮಗೆ ಅಭ್ಯಾಸ. ಒಂದೇ ಮನೆಯ ಅಕ್ಕತಂಗಿಯರು ಅನ್ನುವ ಹಾಗೆ. ಆದರೆ ಇವು ಒಟ್ಟಿಗೆ ಇದ್ದದ್ದಕ್ಕಿಂತ ಜಗಳ ಆಡಿದ್ದೇ ಜಾಸ್ತಿ. ಮತ್ತೆ ಪ್ರತಿ ಸಲ ಜಗಳದಲ್ಲಿ ಒಂದು ಗೊಂದಲ ಇದ್ದೇ ಇರುತ್ತದೆ. ಚಿತ್ರದಲ್ಲಿ ಇರುವುದು ನಿಜವೇ ಎಂಬ ಪ್ರಶ್ನೆಯೂ, ಈ ಚಿತ್ರ ತಾನು ಎಲ್ಲಿಂದ ಬಂದೆ ಎಂದು ಹೇಳುವುದು ನಿಜವೇ ಎಂಬ ಪ್ರಶ್ನೆಯೂ ಒಂದೇ ಅಂದುಕೊಳ್ಳುತ್ತೇವೆ. ಅವೆರಡು ಬೇರೆಬೇರೆ.

ಮೊದಲು ದೊಡ್ಡದಾಗಿ ತಕರಾರು ತೆಗೆದವನು ಪ್ಲೇಟೊ, ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ. ಅವನ ಉದಾಹರಣೆ ಒಂದು ಮಂಚ. ಮಂಚ ಎಂದರೇನು ಎಂಬ ಮೂಲ ರೂಪ ದೇವರದು. ಅದನ್ನು ನೋಡಿ ಬಡಗಿ ಮರದ ಮಂಚ ಮಾಡುತ್ತಾನೆ. ಬಡಗಿಯ ಮಂಚವನ್ನು ನೋಡಿ ಚಿತ್ರಕಾರ ಮಂಚದ ಚಿತ್ರ ಬರೆಯುತ್ತಾನೆ, ಅದೂ ಒಂದು ಕಡೆಯಿಂದ ಕಂಡಷ್ಟು ಮಾತ್ರ. ನಕಲಿನ ನಕಲು. ಆದ್ದರಿಂದ ಒಳ್ಳೆಯ ರಾಜ್ಯದಲ್ಲಿ ಇಂಥವರಿಗೆ ಜಾಗ ಇಲ್ಲ, ದೇವರ ಸ್ತುತಿ ಮತ್ತು ಸಜ್ಜನರ ಹೊಗಳಿಕೆ ಬರೆಯುವುದಾದರೆ ಇರಲಿ. ತಮಾಷೆ ಏನೆಂದರೆ, ಸೌಂದರ್ಯದ ಮೇಲೆ ಪ್ಲೇಟೊನಿಗೆ ಕೋಪವೇ ಇಲ್ಲ. ಒಂದು ಚಂದದ ದೇಹವನ್ನು ಮೆಚ್ಚುವುದರಿಂದ ಶುರುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಕೊನೆಗೆ ಶುದ್ಧ ಸೌಂದರ್ಯವನ್ನೇ ಕಾಣಬಹುದು ಅಂತ ಬರೆದವನೂ ಅವನೇ. ಅವನ ಲೆಕ್ಕದಲ್ಲಿ ಸೌಂದರ್ಯ, ಸತ್ಯ ನೆಂಟರು. ಕಲೆಗೆ ಮಾತ್ರ ಬಾಗಿಲು ಬಂದ್.

ಶಿಷ್ಯ ಅರಿಸ್ಟಾಟಲ್ ಬಾಗಿಲು ತೆಗೆದ. ನೋಡಿದರೆ ಅಸಹ್ಯವಾಗುವ ಪ್ರಾಣಿಗಳು, ಹೆಣಗಳು, ಇವುಗಳದ್ದೇ ಯಥಾವತ್ ಚಿತ್ರ ಬರೆದರೆ ನಮಗೆ ಖುಷಿಯಾಗುತ್ತದೆ ಅಲ್ವಾ, ಯಾಕೆ ಅಂತ ಕೇಳಿದ. ಗುರುತಿಸುವುದರಲ್ಲಿ, ಕಲಿಯುವುದರಲ್ಲಿ ಸುಖ ಇದೆ ಎಂಬುದು ಅವನ ಉತ್ತರ. ಇತಿಹಾಸ ಹೇಳುವುದು ನಡೆದದ್ದನ್ನು, ಕಾವ್ಯ ಹೇಳುವುದು ನಡೆಯಬಹುದಾದ್ದನ್ನು, ಹಾಗಾಗಿ ಕಾವ್ಯವೇ ಹೆಚ್ಚು ತಾತ್ವಿಕ ಅಂದ.

ನನಗೆ ಇವರಿಬ್ಬರಿಗಿಂತ ಹತ್ತಿರ ಅನಿಸುವವನು ಕಾಶ್ಮೀರದ ಶಂಕುಕ. 9ನೇ ಶತಮಾನದವನು. ಅವನು ಬರೆದದ್ದು ಉಳಿದಿಲ್ಲ. ಭರತನ ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನದಲ್ಲಿ ಅವನ ಮಾತು ಸಿಗುತ್ತದೆ. ಶಂಕುಕನ ಉದಾಹರಣೆ ಚಿತ್ರದ ಕುದುರೆ. ರಂಗದ ಮೇಲೆ ರಾಮನ ಪಾತ್ರ ಬಂತು ಅಂದುಕೊಳ್ಳಿ. ನೋಡುವವನು ‘ಇವನೇ ರಾಮ’ ಅಂದುಕೊಳ್ಳುವುದಿಲ್ಲ. ‘ಇವನು ರಾಮನಲ್ಲ’ ಅಂತಲೂ ಅಂದುಕೊಳ್ಳುವುದಿಲ್ಲ. ‘ಇವನು ರಾಮನೋ ಅಲ್ಲವೋ’ ಎಂಬ ಅನುಮಾನವೂ ಇಲ್ಲ. ‘ರಾಮನ ಥರ ಇದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ‘ಕುದುರೆ’ ಅನ್ನುತ್ತೇವಲ್ಲ, ಆ ರೀತಿ. ಅಲ್ಲಿ ಯಾರೂ ಮೋಸ ಹೋಗಿಲ್ಲ, ಯಾರೂ ಮೋಸ ಮಾಡಿಲ್ಲ. ನಿಜ, ಸುಳ್ಳು, ಸಂಶಯ, ಸಾದೃಶ್ಯ ನಾಲ್ಕೂ ಅಲ್ಲದ ಐದನೇ ಥರದ ತಿಳಿವಳಿಕೆ ಅದು.

ಪ್ಲೇಟೊನ ಮಂಚದ ಪಕ್ಕ ಈ ಕುದುರೆಯನ್ನು ನಿಲ್ಲಿಸಿ ನೋಡಿ. ಚಿತ್ರದ ಮಂಚದ ಮೇಲೆ ಮಲಗಲು ಆಗುವುದಿಲ್ಲ ಎಂಬುದು ಪ್ಲೇಟೊನ ದೂರು. ಮಲಗಲು ಹೋದವರು ಯಾರು ಸ್ವಾಮಿ, ಅಂತ ಶಂಕುಕ ಕೇಳಿದಂತಿದೆ.

ಅಭಿನವಗುಪ್ತನ ಗುರು ಭಟ್ಟತೌತ ಶಂಕುಕನನ್ನು ಸುಮ್ನೆ ಬಿಡಲಿಲ್ಲ. ರಾಮನನ್ನು ನೋಡಿದವರು ಯಾರೂ ಇಲ್ಲ, ಹಾಗಿರುವಾಗ ನಟ ಅನುಕರಿಸುವುದು ಯಾರನ್ನು ಅಂತ ಹಿಡಿದ. ಅದೂ ಸರಿಯಾದ ಪ್ರಶ್ನೆಯೇ. ಭಟ್ಟನಾಯಕ ಇನ್ನೊಂದು ದಾರಿ ತೋರಿಸಿದ: ರಂಗದ ಮೇಲಿನ ದುಃಖ ರಾಮನದೂ ಅಲ್ಲ, ನಟನದೂ ಅಲ್ಲ, ನೋಡುವವನ ಸ್ವಂತದ್ದೂ ಅಲ್ಲ. ಯಾರ ಹೆಸರಿಗೂ ಬರೆಯದ, ಎಲ್ಲರದ್ದೂ ಆದ ದುಃಖ. ಅದಕ್ಕೇ ಅದನ್ನು ಸವಿಯಬಹುದು. ಭರತ ಪಟ್ಟಿ ಮಾಡಿದ ಎಂಟು ರಸಗಳಲ್ಲಿ ಭಯಾನಕ ಇದೆ, ಬೀಭತ್ಸ ಇದೆ. ಅಂದರೆ ಕಲೆ ಎಂದರೆ ಚಂದದ್ದನ್ನು ತೋರಿಸುವುದು ಎಂಬ ಷರತ್ತು ಇಲ್ಲಿ ಮೊದಲಿನಿಂದಲೂ ಇರಲಿಲ್ಲ.

ಕಲೆಯ ಹೊರಗೂ ಈ ಪ್ರಶ್ನೆ ಕಾಡಿದೆ. ಆಕಾಶದ ಗ್ರಹಗಳು ವೃತ್ತದಲ್ಲೇ ಸುತ್ತಬೇಕು, ಯಾಕೆಂದರೆ ವೃತ್ತಕ್ಕಿಂತ ಪೂರ್ಣವಾದ ಆಕಾರ ಇನ್ನೊಂದಿಲ್ಲ, ಎಂದು ಯುರೋಪಿನ ಖಗೋಳಜ್ಞರು ಸುಮಾರು ಎರಡು ಸಾವಿರ ವರ್ಷ ನಂಬಿದ್ದರು. ಕೆಪ್ಲರ್ ಕೂಡ ಸೌಂದರ್ಯದ ಹುಚ್ಚಿನವನೇ. ಆದರೆ ಟೈಕೊ ಬ್ರಾಹೆ ಬರೆದಿಟ್ಟ ಮಂಗಳ ಗ್ರಹದ ಲೆಕ್ಕಕ್ಕೂ ಅವನ ವೃತ್ತಕ್ಕೂ 8 ಕಲೆಗಳಷ್ಟು ವ್ಯತ್ಯಾಸ ಬಂತು. ಕೋನದ ಅಳತೆಯ ಕಲೆ ಇದು, ಹುಣ್ಣಿಮೆಯ ಚಂದ್ರನ ಅಗಲದ ಕಾಲು ಭಾಗ. ಬೇರೆಯವರಾಗಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದರು. ಕೆಪ್ಲರ್ ವೃತ್ತವನ್ನೇ ಬಿಟ್ಟ. 1609ರಲ್ಲಿ ಮಂಗಳನ ದಾರಿ ಅಂಡಾಕಾರದ ದೀರ್ಘವೃತ್ತ ಅಂತ ಪ್ರಕಟಿಸಿದ. ಇದಕ್ಕೆ ಉಲ್ಟಾ ಮಾತೂ ಇದೆ. ಸಮೀಕರಣ ಪ್ರಯೋಗಕ್ಕೆ ಹೊಂದುವುದಕ್ಕಿಂತ ಅದರಲ್ಲಿ ಸೌಂದರ್ಯ ಇರುವುದು ಮುಖ್ಯ ಅಂತ ಭೌತವಿಜ್ಞಾನಿ ಡಿರಾಕ್ 1963ರಲ್ಲಿ ಬರೆದರು. ಅವರಿಗೆ ಅದು ಕೈಹಿಡಿಯಿತು. ಎಲ್ಲರಿಗೂ ಹಿಡಿಯುತ್ತದೆ ಅಂತ ನಂಬುವುದು ಕಷ್ಟ.

1790ರಲ್ಲಿ ಜರ್ಮನಿಯ ಇಮ್ಯಾನ್ಯುಯೆಲ್ ಕಾಂಟ್ ಸೌಂದರ್ಯದ ಬಗ್ಗೆ ಒಂದು ದಪ್ಪ ಗ್ರಂಥ ಬರೆದ. ಅದರಲ್ಲಿ ಒಂದು ಪುಟ್ಟ ಪ್ರಸಂಗ ಬರುತ್ತದೆ. ನನ್ನ ಪ್ರಕಾರ ಇಡೀ ಗ್ರಂಥದಲ್ಲಿ ಮರೆಯಲಾಗದ ಜಾಗ ಅದು. ಬೇಸಿಗೆಯ ಸಂಜೆ, ಬೆಳದಿಂಗಳು. ಪೊದೆಯಲ್ಲಿ ನೈಟಿಂಗೇಲ್ ಹಕ್ಕಿ ಹಾಡುತ್ತಿದೆ. ಹಳ್ಳಿಯ ಗಾಳಿ ಕುಡಿಯಲು ಬಂದ ಅತಿಥಿಗಳು ಮೈಮರೆತಿದ್ದಾರೆ. ಅಸಲಿಗೆ ಅಲ್ಲಿ ಹಕ್ಕಿಯೇ ಇಲ್ಲ. ಮನೆ ಯಜಮಾನ ಒಬ್ಬ ತುಂಟ ಹುಡುಗನ ಬಾಯಿಗೆ ಜೊಂಡಿನ ಪೀಪಿ ಕೊಟ್ಟು ಪೊದೆಯಲ್ಲಿ ಕೂರಿಸಿದ್ದಾನೆ. ಗುಟ್ಟು ಗೊತ್ತಾದ ಮೇಲೆ ಆ ಹಾಡನ್ನು ಯಾರೂ ಹೆಚ್ಚು ಹೊತ್ತು ಕೇಳಿಸಿಕೊಳ್ಳುವುದಿಲ್ಲ, ಅನ್ನುತ್ತಾನೆ ಕಾಂಟ್.

ಸ್ವರ ಅದೇ, ಕಿವಿ ಅದೇ. ಹಾಗಾದರೆ ಕೆಟ್ಟದ್ದು ಏನು? ಶಂಕುಕನ ಕುದುರೆ ‘ನಾನು ನಿಜವಾದ ಕುದುರೆ’ ಅಂತ ಎಂದೂ ಹೇಳಿರಲಿಲ್ಲ. ಪೊದೆಯ ಹುಡುಗ ‘ನಾನು ಹಕ್ಕಿ’ ಅಂತ ಹೇಳಿದ. ಅದೇ ಹುಡುಗ ಎದುರಿಗೆ ಬಂದು, ನೋಡಿ ನಾನು ಹಕ್ಕಿಯ ಹಾಗೆ ಹಾಡುತ್ತೇನೆ ಅಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಕಾಂಟ್‌ನ ಗ್ರಂಥ ಬಂದ ಮೇಲೆ ಎರಡು ಮೂರು ದಶಕದಲ್ಲಿ ಎರಡು ತುದಿಗಳು ಕಾಣಿಸಿದವು. ಒಂದು ಕಡೆ ಸ್ಪೇನ್‌ನ ಗೋಯಾ. ನೆಪೋಲಿಯನ್ನನ ಸೇನೆ ನುಗ್ಗಿದ ಕಾಲದ ಹತ್ಯೆ, ಹಸಿವು, ಶವಗಳನ್ನು 1810ರಿಂದ 1820ರವರೆಗೆ ತಾಮ್ರದ ತಗಡಿನ ಮೇಲೆ ಕೊರೆದ. ಒಂದರ ಕೆಳಗೆ ‘ನಾನಿದನ್ನು ನೋಡಿದೆ’ ಅಂತ ಬರೆದ. ಸಾಕ್ಷಿ ಹೇಳುವವನ ಮಾತು ಅದು. ಆ ಸರಣಿ ಅಚ್ಚಾಗಿದ್ದು 1863ರಲ್ಲಿ, ಅವನು ಸತ್ತು 35 ವರ್ಷ ಆದ ಮೇಲೆ. ಇನ್ನೊಂದು ಕಡೆ ಇಂಗ್ಲೆಂಡಿನ ಕೀಟ್ಸ್. ತಮ್ಮನನ್ನು ಕ್ಷಯಕ್ಕೆ ಕಳೆದುಕೊಂಡ ಮರುವರ್ಷ, 1819ರಲ್ಲಿ, ಗ್ರೀಕ್ ಹೂಜಿಯೊಂದರ ಮೇಲೆ ಕವನ ಬರೆದ. ಸೌಂದರ್ಯವೇ ಸತ್ಯ, ಸತ್ಯವೇ ಸೌಂದರ್ಯ ಎಂಬ ಸಾಲು ಅದರದ್ದೇ. ಅದನ್ನು ಹೇಳುವುದು ಹೂಜಿಯೋ, ಕವಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕವಿ ಟಿ.ಎಸ್. ಎಲಿಯಟ್ 1929ರಲ್ಲಿ ಆ ಸಾಲು ಒಂದು ಸುಂದರ ಕವನಕ್ಕೆ ಅಂಟಿದ ಕಳಂಕ ಅಂದುಬಿಟ್ಟರು. ಸಾಲು ಮಾತ್ರ ಎಲಿಯಟ್‌ಗೆ ಜಗ್ಗಲಿಲ್ಲ.

ಈ ವಿಷಯದಲ್ಲಿ ಅತಿ ಚುರುಕಾದ ಮಾತುಕತೆ ನಡೆದದ್ದು 1930ರ ಜುಲೈ 14ರಂದು, ಬರ್ಲಿನ್ ಹತ್ತಿರದ ಕಾಪುತ್‌ನಲ್ಲಿದ್ದ ಐನ್‌ಸ್ಟೈನ್ ಮನೆಯಲ್ಲಿ. ಬಂದಿದ್ದವರು ರವೀಂದ್ರನಾಥ ಠಾಕೂರರು. ಸತ್ಯ ಆಗಲಿ, ಸೌಂದರ್ಯ ಆಗಲಿ ಮನುಷ್ಯನನ್ನು ಬಿಟ್ಟು ಇಲ್ಲ ಅಂದರು ಠಾಕೂರರು. ಹಾಗಾದರೆ ಮನುಷ್ಯರೇ ಇಲ್ಲದಿದ್ದರೆ ಬೆಲ್ವೆಡೇರ್‌ನ ಅಪೊಲೊ ವಿಗ್ರಹ ಸುಂದರ ಅಲ್ಲವೇ ಅಂತ ಐನ್‌ಸ್ಟೈನ್ ಕೇಳಿದರು. ಅಲ್ಲ ಎಂದು ಉತ್ತರ ಬಂತು. ಸೌಂದರ್ಯದ ಮಟ್ಟಿಗೆ ಒಪ್ಪುತ್ತೇನೆ, ಸತ್ಯದ ಮಟ್ಟಿಗೆ ಇಲ್ಲ ಅಂದರು ಐನ್‌ಸ್ಟೈನ್. ಅದನ್ನು ಸಾಬೀತು ಮಾಡಲು ನನಗೆ ಆಗದು, ಆದರೆ ಅದು ನನ್ನ ಧರ್ಮ ಅಂತ ಸೇರಿಸಿದರು. ವಿಜ್ಞಾನಿ ನಂಬಿಕೆಯ ಮಾತಾಡುತ್ತಾ, ಕವಿ ತರ್ಕ ಹಿಡಿದು ಕೂತಿದ್ದು ನೋಡಲು ಮಜವಾಗಿದೆ.

ಈಗ ಬ್ರೇಡಿಯಸ್ ಹೊಗಳಿದ ಚಿತ್ರಕ್ಕೆ ಬರೋಣ. ಅದನ್ನು ಬರೆದವನು ವರ್ಮೀರ್ ಅಲ್ಲ. ಹಾನ್ ಫಾನ್ ಮೇಗರೆನ್ ಎಂಬ ಡಚ್ ಚಿತ್ರಕಾರ, 1889ರಲ್ಲಿ ಹುಟ್ಟಿದವನು. ಅವನ ಸ್ವಂತ ಚಿತ್ರಗಳನ್ನು ವಿಮರ್ಶಕರು ಮೂಸಿ ನೋಡುತ್ತಿರಲಿಲ್ಲ. ಸಿಟ್ಟು ಒಳಗೇ ಇತ್ತು. 17ನೇ ಶತಮಾನದ ಯಾವುದೋ ಹಳೇ ಚಿತ್ರ ಕೊಂಡು, ಮೇಲಿನ ಬಣ್ಣ ಕೆರೆದು, ಅದೇ ಬಟ್ಟೆಯ ಮೇಲೆ ಬರೆಯುತ್ತಿದ್ದ. ಎಣ್ಣೆಬಣ್ಣ ಪೂರ್ತಿ ಗಟ್ಟಿಯಾಗಲು ದಶಕಗಳೇ ಬೇಕು. ಅದಕ್ಕೆ ಬೇಕಲೈಟ್ ಜಾತಿಯ ರಾಳ ಬೆರೆಸಿ, ಒಲೆಯಲ್ಲಿ ಬೇಯಿಸುತ್ತಿದ್ದ. ಆಮೇಲೆ ಬಟ್ಟೆಯನ್ನು ಸುರುಳಿ ಸುತ್ತಿ ಬಿರುಕು ಬರಿಸುತ್ತಿದ್ದ. ಬ್ರೇಡಿಯಸ್ ಮೆಚ್ಚಿದ ಮೇಲೆ ಕೇಳಬೇಕೇ? ರಾಟರ್‌ಡ್ಯಾಮ್‌ನ ಬೊಯ್‌ಮನ್ಸ್ ಮ್ಯೂಸಿಯಂ ದೊಡ್ಡ ಮೊತ್ತ ಕೊಟ್ಟು ಅದನ್ನು ಕೊಂಡಿತು. ಯುದ್ಧದ ಕಾಲದಲ್ಲಿ ಇನ್ನೊಂದು ನಕಲಿ ವರ್ಮೀರ್ ಹಿಟ್ಲರನ ಬಲಗೈ ಗೋರಿಂಗ್‌ನ ಸಂಗ್ರಹಕ್ಕೆ ಹೋಯಿತು. ಅದಕ್ಕೆ ಬದಲಾಗಿ ಅವನು ಕೊಟ್ಟದ್ದು ನೂರಕ್ಕೂ ಹೆಚ್ಚು ಚಿತ್ರ. ಶುದ್ಧ ಸೌಂದರ್ಯದ ಬಗ್ಗೆ ದೇಶಕ್ಕೆಲ್ಲ ಪಾಠ ಹೇಳಿದ ಸರ್ಕಾರದ ಎರಡನೇ ದೊಡ್ಡ ಮನುಷ್ಯ ಅವನು.

1945ರ ಮೇ ತಿಂಗಳಲ್ಲಿ ಮೇಗರೆನ್ ಸಿಕ್ಕಿಬಿದ್ದ. ಆದರೆ ನಕಲಿ ಮಾಡಿದ್ದಕ್ಕಲ್ಲ, ದೇಶದ ಆಸ್ತಿಯನ್ನು ಶತ್ರುವಿಗೆ ಮಾರಿದ್ದಕ್ಕೆ. ತಪ್ಪಿಸಿಕೊಳ್ಳಲು ಉಳಿದದ್ದು ಒಂದೇ ದಾರಿ, ನಿಜ ಹೇಳುವುದು. ಅದು ವರ್ಮೀರ್ ಅಲ್ಲ, ನಾನೇ ಬರೆದದ್ದು ಅಂದ. ಯಾರೂ ನಂಬಲಿಲ್ಲ. ಕೊನೆಗೆ ಕಾವಲಿನಲ್ಲಿ ಕೂತು ಇನ್ನೊಂದು ‘ವರ್ಮೀರ್’ ಬರೆದು ತೋರಿಸಬೇಕಾಯಿತು. ಪರೀಕ್ಷಿಸಿದ ತಜ್ಞರ ಸಮಿತಿಗೆ ಬಣ್ಣದಲ್ಲಿ 20ನೇ ಶತಮಾನದ ರಾಳ ಸಿಕ್ಕಿತು. 1947ರ ನವೆಂಬರ್ 12ರಂದು ಒಂದು ವರ್ಷ ಸಜೆ ಆಯಿತು. ಅದನ್ನು ಅನುಭವಿಸುವ ಮೊದಲೇ, ಡಿಸೆಂಬರ್ 30ರಂದು ಸತ್ತ.

ಚಂದ ಚಂದವೇ, ಯಾರು ಬರೆದರೇನು ಅಂತ ವಾದಿಸುವವರು ಈ ಪ್ರಕರಣವನ್ನು ತಪ್ಪದೆ ತರುತ್ತಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಚಿತ್ರ ನೋಡುವಾಗ ನಾವು ಬಣ್ಣವನ್ನಷ್ಟೇ ನೋಡುವುದಿಲ್ಲ, ಒಬ್ಬ ಮನುಷ್ಯ ಒಂದು ಕಾಲದಲ್ಲಿ ಲೋಕವನ್ನು ಹೀಗೆ ಕಂಡ ಎಂಬುದನ್ನೂ ನೋಡುತ್ತೇವೆ. ಮೇಗರೆನ್ ಸುಳ್ಳು ಹೇಳಿದ್ದು ಅಲ್ಲಿ. ಇನ್ನೊಂದು ಸಂಗತಿ ಇದೆ. ಇವತ್ತು ಆ ಚಿತ್ರಗಳನ್ನು ನೋಡಿದರೆ ಮುಖಗಳು 1930ರ ದಶಕದ ಸಿನಿಮಾ ನಟರ ಮುಖದಂತೆ ಕಾಣುತ್ತವೆ. ಭಾರವಾದ ರೆಪ್ಪೆ, ದಪ್ಪ ತುಟಿ. ಇದಕ್ಕೆ ಜನ ಹೇಗೆ ಮೋಸ ಹೋದರು ಅನಿಸುತ್ತದೆ. ಆಗಿನವರಿಗೆ ಅದು ಕಾಣಲಿಲ್ಲ, ಯಾಕೆಂದರೆ ಅದು ಅವರದೇ ಕಾಲದ ಚಂದ. ತಮ್ಮ ರುಚಿಯನ್ನೇ ಶಾಶ್ವತ ಅಂದುಕೊಂಡರು.

2023ರಲ್ಲಿ ಪ್ರಶ್ನೆ ಇನ್ನೊಂದು ವೇಷದಲ್ಲಿ ಬಂತು. ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಅವರ ಚಿತ್ರಕ್ಕೆ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯ ಒಂದು ವಿಭಾಗದಲ್ಲಿ ಬಹುಮಾನ ಬಂತು. ಕಪ್ಪುಬಿಳುಪಿನಲ್ಲಿ ಇಬ್ಬರು ಹೆಂಗಸರು, ಒಬ್ಬಳ ಹಿಂದೆ ಒಬ್ಬಳು. ಎಐ ಬಳಸಿ ಮಾಡಿದ್ದು, ಇದು ಫೋಟೋ ಅಲ್ಲ ಅಂತ ಅವರೇ ಬಹುಮಾನ ನಿರಾಕರಿಸಿದರು. ಮುಂದಿನ ವರ್ಷ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಇದನ್ನು ತಿರುಗುಮುರುಗು ಮಾಡಿದರು. ರಾಜಹಂಸವೊಂದು ಕುತ್ತಿಗೆ ಬಗ್ಗಿಸಿ ಹೊಟ್ಟೆ ಕೆರೆದುಕೊಳ್ಳುವಾಗ ತೆಗೆದ ಫೋಟೋ. ತಲೆಯೇ ಇಲ್ಲದ ಹಕ್ಕಿಯ ಹಾಗೆ ಕಾಣುತ್ತದೆ. ಕ್ಯಾಮೆರಾದಲ್ಲಿ ತೆಗೆದ ಈ ಅಸಲಿ ಚಿತ್ರವನ್ನು ಒಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದರು. ತೀರ್ಪುಗಾರರು ಮೂರನೇ ಸ್ಥಾನ ಕೊಟ್ಟರು, ಜನರ ಮತದ ಪ್ರಶಸ್ತಿಯೂ ಬಂತು. ಆಮೇಲೆ ಅವರು ನಿಜ ಹೇಳಿದಾಗ ಚಿತ್ರವನ್ನು ಅನರ್ಹಗೊಳಿಸಿದರು. ಆ ವಿಭಾಗದ ಬೇರೆ ಕಲಾವಿದರಿಗೆ ಅನ್ಯಾಯ ಆಗಬಾರದು ಎಂಬುದು ಆಯೋಜಕರ ವಾದ. ಅವರ ತೀರ್ಮಾನ ಸರಿ ಅಂತಲೇ ನನಗನಿಸುತ್ತದೆ. ಹಕ್ಕಿ ನಿಜದ್ದೇ, ಅರ್ಜಿಯಲ್ಲಿ ಬರೆದದ್ದು ಸುಳ್ಳು.