ಅಟ್ಟದಲ್ಲಿ ಬಚ್ಚಿಟ್ಟ ಸೆಕೆಂಡಿನ ಹತ್ತನೇ ಒಂದು ಭಾಗ

ಕೀ ಕೊಡೋ ಹಳೇ ಎಚ್‌ಎಂಟಿ ಜನತಾ ವಾಚು ಮನೇಲಿದ್ರೆ ಒಂದ್ಸಲ ಕಿವಿ ಹತ್ರ ಹಿಡೀರಿ. ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತೆ, ಅಂದ್ರೆ ಗಂಟೆಗೆ 18,000. ಸ್ವಿಟ್ಜರ್ಲೆಂಡಿನ ಜೆನಿತ್ ಕಂಪನಿ 1969ರ ಜನವರೀಲಿ ಹೊರಗೆ ತಂದ ಎಲ್ ಪ್ರಿಮೆರೊ ಅನ್ನೋ, ಸ್ಟಾಪ್‌ವಾಚ್ ಇರೋ ಕೈಗಡಿಯಾರದ ಮೆಷಿನ್ನು ಇದರ ಡಬಲ್, ಗಂಟೆಗೆ 36,000.

ಜೆನಿತ್ ಶುರುವಾಗಿದ್ದು 1865ರಲ್ಲಿ, ಲ ಲೋಕ್ಲ್ ಅನ್ನೋ ಬೆಟ್ಟದೂರಲ್ಲಿ, ಜಾರ್ಜ್ ಫಾವ್ರ್-ಜಾಕೊ ಅನ್ನೋ 22 ವರ್ಷದ ಹುಡುಗನ ಕೈಲಿ. ಗಾಂಧೀಜಿ ಸೊಂಟಕ್ಕೆ ಸಿಗಿಸ್ಕೊಳ್ತಿದ್ದ ಅಲಾರಂ ಗಡಿಯಾರ ಇದೇ ಕಂಪನೀದು, 2009ರಲ್ಲಿ ನ್ಯೂಯಾರ್ಕ್ ಹರಾಜಲ್ಲಿ ನಮ್ಮ ಬೆಂಗಳೂರಿನ ವಿಜಯ್ ಮಲ್ಯ, ಗಾಂಧೀಜಿಯ ಕನ್ನಡಕ, ಚಪ್ಪಲಿ ಜೊತೆ ಅದನ್ನೂ 18 ಲಕ್ಷ ಡಾಲರಿಗೆ ಕೊಂಡಿದ್ದು ನೆನಪಿರಬಹುದು.

ಸರಿ, ವಾಚು ಇಷ್ಟು ಬೇಗ ಬೇಗ ಟಿಕ್ ಅಂದ್ರೆ ಏನು ಲಾಭ? ವಾಚಿನೊಳಗೆ ಬ್ಯಾಲೆನ್ಸ್ ವೀಲ್ ಅಂತ ಪುಟ್ಟ ಚಕ್ರ ಇರುತ್ತೆ, ಜೋಕಾಲಿ ತರ ಆ ಕಡೆ ಈ ಕಡೆ ತೂಗುತ್ತೆ, ಒಂದೊಂದು ತೂಗಿಗೂ ಒಂದು ಟಿಕ್. ನಾವು ಕೈ ಬೀಸ್ತೀವಿ, ಬಾಗಿಲಿಗೆ ತಾಗಿಸ್ತೀವಿ, ಆಗೆಲ್ಲ ಅದರ ಲಯ ತಪ್ಪುತ್ತೆ, ಬೇಗ ತೂಗೋ ಚಕ್ರ ಬೇಗ ಸುಧಾರಿಸ್ಕೊಳ್ಳುತ್ತೆ. ಸೆಕೆಂಡಿಗೆ ಹತ್ತು ಟಿಕ್ ಇದ್ರೆ ಸ್ಟಾಪ್‌ವಾಚ್ ಮುಳ್ಳು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಅಳೆಯುತ್ತೆ. ಆದ್ರೆ ಆ ಸ್ಪೀಡಲ್ಲಿ ಮಾಮೂಲಿ ಎಣ್ಣೆ ಚಕ್ರದ ಹಲ್ಲಿನ ಮೇಲೆ ನಿಲ್ಲದೆ ಸಿಡಿದುಹೋಗುತ್ತೆ, ಅದಕ್ಕೆ ಜೆನಿತ್‌ನವ್ರು ಒಣ ಲೂಬ್ರಿಕೆಂಟ್ ಹಚ್ಚಿದ್ರು. ನನ್ನ ಪ್ರಕಾರ ಇಡೀ ಡಿಸೈನಲ್ಲಿ ಜಾಣತನ ಇರೋದೇ ಇಲ್ಲಿ.

ಇಷ್ಟೆಲ್ಲ ಮಾಡಿದ ಅದೇ ವರ್ಷ, ಕ್ರಿಸ್‌ಮಸ್ ದಿನ, ಟೋಕಿಯೋದಲ್ಲಿ ಸೈಕೊ ಕಂಪನಿ ಮೊದಲ ಕ್ವಾರ್ಟ್ಸ್ ಕೈಗಡಿಯಾರ ಬಿಡ್ತು, ಅಂದ್ರೆ ಸೆಲ್ಲಿಂದ ನಡೆಯೋದು, ಚಕ್ರದ ಬದಲು ಕ್ವಾರ್ಟ್ಸ್ ಹರಳಿನ ಕಂಪನ ಎಣಿಸೋದು. ಈಗಿನ ಸೆಲ್ ವಾಚಲ್ಲಿರೋ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಆ ಸಂಖ್ಯೇನ ಹದಿನೈದು ಸಲ ಅರ್ಧ ಮಾಡ್ತಾ ಹೋಗಿ, ಸರಿಯಾಗಿ ಒಂದು ಉಳಿಯುತ್ತೆ, ಸರ್ಕ್ಯೂಟು ಮಾಡೋದೂ ಅಷ್ಟೇ. ಹತ್ತು ಟಿಕ್ ಎಲ್ಲಿ, ಮೂವತ್ತೆರಡು ಸಾವಿರ ಎಲ್ಲಿ!

ಇದಾದ ಸ್ವಲ್ಪ ವರ್ಷಕ್ಕೆ ಜೆನಿತ್ ಶಿಕಾಗೋದ ರೇಡಿಯೋ ಕಂಪನಿ ಕೈಗೆ ಹೋಯ್ತು. 1975ರಲ್ಲಿ ಅಲ್ಲಿಂದ ಆರ್ಡರ್ ಬಂತು, ಇನ್ಮೇಲೆ ಕ್ವಾರ್ಟ್ಸ್ ಮಾತ್ರ, ಹಳೇ ಸಾಮಾನೆಲ್ಲ ಗುಜರಿಗೆ ಹಾಕಿ ಅಂತ. ಕಾರ್ಖಾನೆಯಲ್ಲಿದ್ದ ಶಾರ್ಲ್ ವರ್ಮೊ ಬೇಡ ಅಂತ ಪತ್ರ ಬರೆದ್ರು, ಕೆಲಸ ಆಗ್ಲಿಲ್ಲ. ಆಮೇಲೆ ಅವ್ರು ಯಾರಿಗೂ ಗೊತ್ತಾಗದ ಹಾಗೆ ಅಚ್ಚುಗಳು, ಕ್ಯಾಮ್‌ಗಳು, ಕಟಿಂಗ್ ಟೂಲ್‌ಗಳನ್ನ ಸ್ವಲ್ಪ ಸ್ವಲ್ಪವಾಗಿ ಅಟ್ಟಕ್ಕೆ ಸಾಗಿಸಿ, ಯಾವುದು ಯಾವುದಕ್ಕೆ ಅಂತ ಬರೆದಿಟ್ಟು ಬಚ್ಚಿಟ್ರು. ಬರೀ ಡ್ರಾಯಿಂಗ್ ಉಳಿಸಿದ್ರೆ ಸಾಕಾಗ್ತಿರಲಿಲ್ವಾ ಅಂದ್ರೆ ಇಲ್ಲ, ಕೂದಲೆಳೆಗಿಂತ ಸಣ್ಣ ಅಳತೆಗಳೆಲ್ಲ ಆ ಅಚ್ಚಲ್ಲೇ ಕೂತಿರುತ್ತೆ, ಹೊಸದಾಗಿ ಮಾಡಿಸಕ್ಕೆ ಸಿಕ್ಕಾಪಟ್ಟೆ ದುಡ್ಡು ಬೇಕು.

1978ರಲ್ಲಿ ಕಂಪನಿ ಮತ್ತೆ ಸ್ವಿಸ್ ಜನರ ಕೈಗೆ ಬಂತು, 1984ರ ಹೊತ್ತಿಗೆ ಅಟ್ಟದ ಸಾಮಾನು ಕೆಳಗಿಳೀತು, ಎಲ್ ಪ್ರಿಮೆರೊ ಮತ್ತೆ ತಯಾರಾಗಕ್ಕೆ ಶುರುವಾಯ್ತು. ದೊಡ್ಡ ಗಿರಾಕಿ ಯಾರು ಗೊತ್ತಾ? ರೋಲೆಕ್ಸ್! 1988ರಿಂದ 2000ದವರೆಗೂ ಅವರ ಡೇಟೋನಾ ವಾಚೊಳಗೆ ಇದ್ದಿದ್ದು ಇದೇ ಮೆಷಿನ್ನು. ತಮಾಷೆ ಅಂದ್ರೆ ರೋಲೆಕ್ಸ್‌ನವ್ರು ಅದನ್ನ ಹಾಗೇ ಹಾಕ್ಲಿಲ್ಲ, ಬಿಚ್ಚಿ ಬದಲಾಯಿಸಿ ಸ್ಪೀಡನ್ನ 28,800ಕ್ಕೆ ಇಳಿಸಿಬಿಟ್ರು.