ಸೂರ್ಯನತ್ತ ತಿರುಗುವ ಸೌರ ಫಲಕ ನಮ್ಮ ತೋಟಕ್ಕೆ ಬೇಕೇ?

ಪ್ರಶ್ನೆ: ಹಿರಿಯೂರು ತಾಲ್ಲೂಕಿನಲ್ಲಿ ನಮ್ಮದು ದಾಳಿಂಬೆ ತೋಟ. ಕೊಳವೆಬಾವಿಗೆ ಸೌರ ಪಂಪ್‌ಸೆಟ್ ಹಾಕಿಸಬೇಕೆಂದಿದ್ದೇನೆ. ಸೂರ್ಯ ಹೋದತ್ತ ತಾನೇ ತಿರುಗಿ, ಮಸೂರದಿಂದ ಬೆಳಕನ್ನು ಒಟ್ಟುಗೂಡಿಸುವ ಫಲಕಗಳು ದುಪ್ಪಟ್ಟು ವಿದ್ಯುತ್ ಕೊಡುತ್ತವೆ ಎಂದು ಓದಿದೆ. ಅವನ್ನೇ ಹಾಕಿಸಬಹುದೇ?

ಉತ್ತರ: ಮಸೂರದ ಫಲಕ ಬೇಡ. ಬರೀ ತಿರುಗುವ ಫಲಕದ ಮಾತು ಬೇರೆ. ಅದನ್ನು ನಿಮ್ಮ ಬಾವಿಯ ನೀರು ನೋಡಿ ತೀರ್ಮಾನಿಸಬೇಕು.

ದುಪ್ಪಟ್ಟು ಎಂಬುದು ಪೂರ್ತಿ ಸುಳ್ಳೇನಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು 2022ರಲ್ಲಿ, 665 ಪಟ್ಟು ಸಾಂದ್ರವಾದ ಬೆಳಕಿನಲ್ಲಿ ಶೇ 47.6ರಷ್ಟನ್ನು ವಿದ್ಯುತ್ತಾಗಿಸುವ ಸೌರಕೋಶ (ಫಲಕದೊಳಗೆ ಬೆಳಕನ್ನು ವಿದ್ಯುತ್ತಾಗಿಸುವ ಬಿಲ್ಲೆ) ತಯಾರಿಸಿದರು. ಮಾಮೂಲಿ ಸಿಲಿಕಾನ್ ಫಲಕ ಶೇ 20ರಿಂದ 22ರ ಆಸುಪಾಸಿನಲ್ಲಿದೆ. ಆದರೆ ಅದು ಪ್ರಯೋಗಾಲಯದ ಪುಟ್ಟ ಕೋಶ. ದುಬಾರಿ ಕೋಶ ಚೂರೇ ಸಾಕು, ಅಗ್ಗದ ಮಸೂರ ಬೆಳಕು ತಂದು ಅದರ ಮೇಲೆ ಸುರಿಯುತ್ತದೆ ಎಂಬುದು ಈ ತಂತ್ರದ ಲೆಕ್ಕಾಚಾರವಾಗಿತ್ತು. ಸಿಲಿಕಾನ್ ಫಲಕಗಳ ಬೆಲೆಯೇ ಕುಸಿದಾಗ ಆ ಲೆಕ್ಕ ತಲೆಕೆಳಗಾಯಿತು. ಇಂಥ ಮಸೂರದ ಫಲಕ ತಯಾರಿಸುತ್ತಿದ್ದ ಫ್ರಾನ್ಸಿನ ಸೊಯ್ಟೆಕ್ ಕಂಪನಿ 2015ರಲ್ಲಿ ಸೌರ ವ್ಯವಹಾರದಿಂದಲೇ ಹೊರನಡೆಯಿತು.

ನಮ್ಮ ಕಡೆಗೆ ಇನ್ನೂ ದೊಡ್ಡ ತೊಡಕೊಂದಿದೆ. ಮಸೂರ ಹಿಡಿದಿಡುವುದು ನೇರ ಬಿಸಿಲನ್ನು ಮಾತ್ರ. ಮೋಡದ ದಿನ ಭೂತಗನ್ನಡಿ ಹಿಡಿದು ಕಾಗದ ಸುಡಲು ಹೊರಟ ಹುಡುಗರಿಗೆ ಇದು ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗದಲ್ಲಿ ಮಳೆ ಬರಲಿ ಬಿಡಲಿ, ಮೋಡವಂತೂ ಕವಿದಿರುತ್ತದೆ. ಆಗ ಚದುರಿದ ಬೆಳಕಿನಲ್ಲೂ ಮಾಮೂಲಿ ಫಲಕ ಅಷ್ಟಿಷ್ಟು ವಿದ್ಯುತ್ ಕೊಡುತ್ತದೆ, ಮಸೂರದ್ದು ಬಹುತೇಕ ಸುಮ್ಮನಿರುತ್ತದೆ. ಅದೇ ತಿಂಗಳುಗಳಲ್ಲಿ ಗಾಳಿಯೂ ಜೋರು. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಲ್ಲ! ಗಾಳಿ ಮಿತಿಮೀರಿದಾಗ ತಿರುಗುವ ಫಲಕವನ್ನು ಅಡ್ಡ ಮಲಗಿಸಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಗುರಿ ಒಂದು ಡಿಗ್ರಿಯಷ್ಟು ತಪ್ಪಿದರೂ ಮಸೂರದ ಬೆಳಕು ಕೋಶದಿಂದ ಆಚೆ ಬೀಳಬಹುದು.

ಮಾಮೂಲಿ ಫಲಕದ ಅಕ್ಕಪಕ್ಕ ಕನ್ನಡಿ ನಿಲ್ಲಿಸುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಕೇಳಬೇಡಿ. ಕೋಶದ ಬಿಸಿ 25 ಡಿಗ್ರಿ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಬೆಳಕು ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಬಿದ್ದರೆ ಫಲಕವೂ ಹಾಳು, ವಾರಂಟಿಯೂ ಹೋದಂತೆ.

ಇನ್ನು ತಿರುಗುವ ಫಲಕ. ನಾವಿರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿದರೆ ಸಾಕು. ಎರಡೂ ದಿಕ್ಕಿಗೆ ಹೊರಳುವ ಯಂತ್ರ ದಂಡ. ಒಂದೇ ಅಕ್ಷದ್ದು ವರ್ಷಕ್ಕೆ ಸುಮಾರು ಶೇ 15ರಿಂದ 25ರಷ್ಟು ಹೆಚ್ಚು ವಿದ್ಯುತ್ ಕೊಡಬಲ್ಲದು. ಆ ಲಾಭ ಸಿಗುವುದು ಬೆಳಿಗ್ಗೆ ಮತ್ತು ಸಂಜೆ.

ಬಾವಿಯ ಪ್ರಶ್ನೆ ಬರುವುದು ಇಲ್ಲೇ. ಎರಡಿಂಚು ನೀರು ಸದಾ ಬರುತ್ತಿದ್ದರೆ ತಿರುಗುವ ಯಂತ್ರದ ದುಡ್ಡಿನಲ್ಲಿ ಇನ್ನಷ್ಟು ಫಲಕ ಹಾಕಿಸಿ. ನೀರು ಕಡಿಮೆಯಿದ್ದು, ನಡುಮಧ್ಯಾಹ್ನ ಪಂಪ್ ಪೂರ್ತಿ ಓಡಿದಾಗ ಬಾವಿ ಬರಿದಾಗುತ್ತಿದ್ದರೆ, ಬೆಳಿಗ್ಗೆಯಿಂದ ಸಂಜೆವರೆಗೆ ನಿಧಾನವಾಗಿ ಎತ್ತುವುದೇ ಒಳ್ಳೆಯದು. ಅದಕ್ಕೂ ಫಲಕ ತಿರುಗಿಸುವ ಮೋಟರ್ ಬೇಕಿಲ್ಲ. ಕೈಯಲ್ಲೇ ತಿರುಗಿಸುವ ಕಂಬ ಹಾಕಿಸಿ, ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನ ಸಮತಟ್ಟಾಗಿ, ಆಮೇಲೆ ಪಶ್ಚಿಮಕ್ಕೆ ಹೊರಳಿಸಿದರಾಯಿತು. ತೋಟದಲ್ಲಿ ಯಾರೂ ಇರುವುದಿಲ್ಲವೆಂದಾದರೆ ಅರ್ಧ ಫಲಕಗಳನ್ನು ಪೂರ್ವಕ್ಕೆ, ಅರ್ಧವನ್ನು ಪಶ್ಚಿಮಕ್ಕೆ ಓರೆಯಾಗಿಸಿ ಕೂರಿಸಬಹುದು. ನಿಮ್ಮ ಪಂಪಿನ ಕಂಟ್ರೋಲರ್ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಮೋಟರಿನದ್ದೇ ಬೇಕೆಂದರೆ, ಗೇರ್ ಕೆಟ್ಟಾಗ ಯಾರು, ಎಷ್ಟು ದಿನದೊಳಗೆ ತೋಟಕ್ಕೆ ಬಂದು ಸರಿಪಡಿಸುತ್ತಾರೆ ಎಂಬುದನ್ನು ಮುಂಗಡ ಕೊಡುವ ಮುನ್ನ ಬರೆಸಿಕೊಳ್ಳಿ.